ನನ್ನ ರಕ್ತದಲ್ಲಿ ಇಲ್ಲದ ಲಿಥಿಯಂ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಯನಗರ ನಾಲ್ಕನೇ ಬ್ಲಾಕಿನ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಒಂದು ದಿನ ಬೆಳಿಗ್ಗೆ, ಪಕ್ಕದ ರಸ್ತೆಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಮನೋವೈದ್ಯರು ಒಳಗೆ ಬಂದು, ಮೂಲೆಯ ಮೇಜಿನ ಮೇಲಿದ್ದ ಫ್ಲೇಮ್ ಫೋಟೋಮೀಟರ್ ಕಡೆ ಕೈ ತೋರಿಸಿ ಕೇಳಿದರು: "ಇದರಲ್ಲಿ ಲಿಥಿಯಂ ನೋಡೋಕಾಗುತ್ತಾ?"

ನಾವು ಆ ಯಂತ್ರದಲ್ಲಿ ನೋಡುತ್ತಿದ್ದುದು ಸೋಡಿಯಂ ಮತ್ತು ಪೊಟ್ಯಾಸಿಯಂ ಮಾತ್ರ. ರಕ್ತದ ತಿಳಿಭಾಗವಾದ ಸೀರಮ್ಮನ್ನು ನೀರಿನಲ್ಲಿ ತೆಳುವಾಗಿಸಿ, ಸಣ್ಣ ಕೊಳವೆಯಿಂದ ಹೀರಿಸಿ, ಗ್ಯಾಸಿನ ನೀಲಿ ಉರಿಯೊಳಗೆ ಮಂಜಿನಂತೆ ಚಿಮ್ಮಿಸುತ್ತದೆ ಅದು. ಸೋಡಿಯಂ ಇದ್ದರೆ ಉರಿ ಹಳದಿಯಾಗುತ್ತದೆ, ಲಿಥಿಯಂ ಇದ್ದರೆ ಕೆಂಪಾಗುತ್ತದೆ. ಬಣ್ಣದ ಗಾಜಿನ ಫಿಲ್ಟರು ಬೇಕಾದ ಬೆಳಕನ್ನಷ್ಟೇ ಬಿಟ್ಟುಕೊಂಡು ಮುಳ್ಳನ್ನು ಆಡಿಸುತ್ತದೆ. ಲಿಥಿಯಂ ಫಿಲ್ಟರು ಯಂತ್ರದ ಪೆಟ್ಟಿಗೆಯಲ್ಲೇ ಇತ್ತು. ಕಾಗದದ ಹೊದಿಕೆ ಕೂಡ ಬಿಚ್ಚಿರಲಿಲ್ಲ.

"ಆಗುತ್ತೆ ಸಾರ್," ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಡಾಕ್ಟರು ಕುಳಿತು ವಿವರಿಸಿದರು. ಈಗ ಬೈಪೋಲಾರ್ ಎನ್ನುವ ಕಾಯಿಲೆಯನ್ನು ಆಗ ಅವರು ಮ್ಯಾನಿಕ್ ಡಿಪ್ರೆಶನ್ ಎನ್ನುತ್ತಿದ್ದರು. ಕೆಲವು ಕಾಲ ಮನಸ್ಸು ನೆಲ ಬಿಟ್ಟು ಓಡುತ್ತದೆ; ನಿದ್ದೆ ಬೇಡ, ಮಾತು ನಿಲ್ಲದು. ಕೆಲವು ಕಾಲ ಹಾಸಿಗೆಯಿಂದ ಏಳಲೂ ಆಗದು. ಅದು ಮತ್ತೆ ಮತ್ತೆ ಬರದಂತೆ ತಡೆಯುವ ಔಷಧಿ ಲಿಥಿಯಂ. ಆದರೆ ಅದರ ಗುಣಕ್ಕೂ ಅಪಾಯಕ್ಕೂ ನಡುವೆ ಇರುವ ಜಾಗ ಬಹಳ ಕಿರಿದು. ರಕ್ತದಲ್ಲಿ ಅದರ ಮಟ್ಟ ಒಂದರ ಆಸುಪಾಸಿನಲ್ಲಿರಬೇಕು. ಅರ್ಧಕ್ಕೆ ಇಳಿದರೆ ಸಾಲದು, ಒಂದೂವರೆ ದಾಟಿದರೆ ವಿಷವಾಗತೊಡಗುತ್ತದೆ, ಎರಡು ದಾಟಿದರೆ ಜೀವಕ್ಕೇ ಅಪಾಯ. ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ, ರಕ್ತ ತೆಗೆದು ನೋಡಬೇಕು. ಅವರ ರೋಗಿಗಳ ರಕ್ತ ಊರಿನ ಆ ತುದಿಯ ಲ್ಯಾಬಿಗೆ ಹೋಗಿ ರಿಪೋರ್ಟು ಬರುವಷ್ಟರಲ್ಲಿ ವಾರವಾಗುತ್ತಿತ್ತು. "ವಾರದ ಹಿಂದಿನ ರಕ್ತ ಇಟ್ಟುಕೊಂಡು ನಾನು ಇವತ್ತು ಎಷ್ಟು ಮಾತ್ರೆ ಅಂತ ಬರೀಲಿ?" ಎಂದರು.

ನಮ್ಮ ಮಾಲೀಕರು ಒಪ್ಪಿದರು. ಅವರು ಸ್ವತಃ ಪೆಥಾಲಜಿಸ್ಟ್, ವಯಸ್ಸಾದವರು, ಮಿತಭಾಷಿ. ನಾನು ಲಿಥಿಯಂ ಕಾರ್ಬೊನೇಟ್ ತೂಗಿ, ಆಮ್ಲದಲ್ಲಿ ಕರಗಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಅರ್ಧ, ಒಂದು, ಎರಡು ಮಟ್ಟದ, ಹೋಲಿಸಿ ನೋಡುವ ಸ್ಟ್ಯಾಂಡರ್ಡ್ ದ್ರಾವಣಗಳನ್ನು ಮಾಡಿಕೊಂಡೆ. ಬರಿಯ ನೀರಿಗೆ ಮುಳ್ಳನ್ನು ಸೊನ್ನೆಗೆ ನಿಲ್ಲಿಸಿದೆ. ಸ್ಟ್ಯಾಂಡರ್ಡುಗಳು ಗ್ರಾಫ್ ಕಾಗದದ ಮೇಲೆ ರೂಲರಿಟ್ಟು ಗೀಚಿದಂತೆ ನೇರ ಗೆರೆಯಲ್ಲಿ ಬಂದವು. ಮೊದಲ ಕೆಲವು ಮಾದರಿಗಳನ್ನು ಡಾಕ್ಟರು ಮೊದಲು ಕಳಿಸುತ್ತಿದ್ದ ಹಳೆಯ ಲ್ಯಾಬಿಗೂ ಕಳಿಸಿ ಹೋಲಿಸಿ ನೋಡಬಹುದಿತ್ತು. ಅಷ್ಟು ನೇರವಾದ ಗೆರೆ ನೋಡಿದ ಮೇಲೆ ಅದು ಬೇಕೆನಿಸಲಿಲ್ಲ.

ಮೊದಲು ಬಂದ ನಾಲ್ಕೈದು ಜನರಲ್ಲಿ ಬೇಗೂರಿನ ಒಬ್ಬ ಹೆಣ್ಣುಮಗಳಿದ್ದಳು. ಮೂವತ್ತರ ಒಳಗಿನ ವಯಸ್ಸು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಬಟ್ಟೆಯ ಪದರಗಳ ಮೇಲೆ ಕತ್ತರಿಸುವ ಗುರುತು ಹಾಕುವ ಕೆಲಸ. ಜೊತೆಗೆ ಯಾವಾಗಲೂ ಅತ್ತೆ ಬರುತ್ತಿದ್ದರು. ಹೊಲದಲ್ಲಿ ದುಡಿದ ಗಟ್ಟಿ ಜೀವ. ಮಗನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸವಾದ್ದರಿಂದ ಸೊಸೆಯ ಮಾತ್ರೆ, ಊಟ, ಡಾಕ್ಟರ ಭೇಟಿ ಎಲ್ಲವನ್ನೂ ಅವರೇ ಹೊತ್ತುಕೊಂಡಿದ್ದರು. ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. "ರಕ್ತ ಕಮ್ಮಿ ಅದಕ್ಕೆ ಟಾನಿಕ್ಕು ಅಂತ ಹೇಳಿವ್ನಿ ಕಣವ್ವ," ಎಂದು ಮೊದಲ ದಿನವೇ ನನ್ನ ಕಿವಿಯಲ್ಲಿ ಹೇಳಿದರು. "ತಲೆ ಕಾಯಿಲೆ ಅಂದ್ರೆ ಇವಳನ್ನ ಬಾಳಕ್ಕೆ ಬಿಡಾಕಿಲ್ಲ ಜನ."

ದಿನಕ್ಕೆ ನಾಲ್ಕು ಮಾತ್ರೆ ನುಂಗುತ್ತಿದ್ದ ಆಕೆ ಆರು ತಿಂಗಳಿಂದ ಚೆನ್ನಾಗಿದ್ದಳು. ನನ್ನ ಯಂತ್ರದಲ್ಲಿ ಅವಳ ಲಿಥಿಯಂ ಒಂದು ಪಾಯಿಂಟ್ ನಾಲ್ಕು ಬಂತು. ಡಾಕ್ಟರು ಅದನ್ನು ನೋಡಿ ಹುಬ್ಬು ಗಂಟಿಕ್ಕಿ, ಮಾತ್ರೆಯನ್ನು ಎರಡಕ್ಕೆ ಇಳಿಸಿದರು. ಎರಡು ವಾರ ಬಿಟ್ಟು ನೋಡಿದರೆ ಪಾಯಿಂಟ್ ಒಂಬತ್ತು. "ಈಗ ಸರಿ ಇದೆ," ಎಂದರು. ನನಗೂ ಹೆಮ್ಮೆಯಾಯಿತು.

ಮುಂದಿನ ತಿಂಗಳು ಆಕೆ ಲ್ಯಾಬಿಗೆ ಬಂದದ್ದು ಮೂರು ಮೊಳ ಮಲ್ಲಿಗೆ ಮುಡಿದು, ನಗುತ್ತಾ, ಎಲ್ಲರನ್ನೂ ಮಾತಾಡಿಸುತ್ತಾ. ಕುರ್ಚಿಯಲ್ಲಿ ಕೂರಲೇ ಇಲ್ಲ. "ಅಕ್ಕ, ನಿಮ್ಮ ಬೆಂಕಿ ಮಿಷನ್ನಿಗೂ ಒಂದು ಅಂಗಿ ಹೊಲ್ಕೊಡ್ತೀನಿ, ಅಳತೆ ಕೊಡಿ," ಎಂದು ಯಂತ್ರದ ಸುತ್ತ ಗೇಣು ಹಾಕತೊಡಗಿದಳು. ನನಗೆ ನಗು ಬಂತು. ಅತ್ತೆಯ ಮುಖ ನೋಡಿದೆ, ನಗು ಅಲ್ಲೇ ನಿಂತಿತು.

"ಐದ್ ದಿನ ಆಯ್ತು ಕಣವ್ವ, ನಿದ್ದೆ ಮಾಡಿಲ್ಲ," ಎಂದರು ಅವರು. "ಫ್ಯಾಕ್ಟ್ರೀಲಿ ಗಂಡಸರ ಷರಟಿನ ಬಟ್ಟೆ ಮೇಲೆ ಮಕ್ಕಳ ಫ್ರಾಕಿನ ಗುರುತು ಹಾಕ್ಬುಟ್ಟವ್ಳೆ. ಥಾನುಗಟ್ಲೆ ಬಟ್ಟೆ ಕತ್ರಿಸಿ ಆಗೋಯ್ತು. ಬರಬ್ಯಾಡ ಅಂದವ್ರೆ. ಕೈ ಬಳೆ ಬಿಚ್ಚಿ ಬಸ್ಸಿನಲ್ಲಿ ಯಾರಿಗೋ ಕೊಟ್ಬುಟ್ಟಳು."

ಡಾಕ್ಟರು ಮನಸ್ಸಿನ ಓಟ ತಗ್ಗಿಸುವ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಟ್ಟು, ಮಾತ್ರೆಗಳನ್ನೂ ಬರೆದು ಅವಳನ್ನು ಹತೋಟಿಗೆ ತಂದರು. ಅದಕ್ಕೆ ಮೂರು ವಾರ ಹಿಡಿಯಿತು. ಆ ನಡುವೆ ಒಂದು ಸಂಜೆ ಲ್ಯಾಬಿಗೆ ಬಂದು, ನಿಂತೇ ಕೇಳಿದರು: "ಮಟ್ಟ ಪಾಯಿಂಟ್ ಒಂಬತ್ತು ಇದ್ದವಳಿಗೆ ಇಷ್ಟು ಜೋರಾಗಿ ಹೇಗೆ ತಿರುಗಿಬಂತು? ಬರಲ್ಲ ಅಂತಲ್ಲ. ಆದ್ರೂ ಒಂದ್ಸಲ ನಿಮ್ಮ ಕಡೆ ನೋಡ್ಕೊಳ್ತೀರಾ?"

ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಹೋದ ಮೇಲೆ ಸ್ಟ್ಯಾಂಡರ್ಡುಗಳನ್ನು ಹೊಸದಾಗಿ ಮಾಡಿದೆ. ಅದೇ ನೇರ ಗೆರೆ. ಪಿಪೆಟ್ಟುಗಳನ್ನು ಪರೀಕ್ಷಿಸಿದೆ. ಕೊಳವೆ ಕಟ್ಟಿಕೊಂಡಿದೆಯೇ ಎಂದು ತಂತಿ ಆಡಿಸಿದೆ. ವೋಲ್ಟೇಜ್ ಏರಿಳಿತವಿರಬಹುದೆಂದು ಸ್ಟೆಬಿಲೈಸರ್ ಬದಲಿಸಿದೆ. ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ, ಬನಶಂಕರಿಯ ಮನೆಯಿಂದ ನಡೆದು ಬರುವಾಗ ಹೊಳೆಯಿತು: ಲಿಥಿಯಂ ತೆಗೆದುಕೊಳ್ಳದವರ ರಕ್ತವನ್ನು ನಾನು ಈವರೆಗೆ ನೋಡಿಯೇ ಇಲ್ಲ.

ಲ್ಯಾಬು ತಲುಪಿದವಳೇ ಸಹೋದ್ಯೋಗಿಯ ಕೈಗೆ ಸಿರಿಂಜ್ ಕೊಟ್ಟು ನನ್ನ ರಕ್ತ ತೆಗೆಸಿಕೊಂಡೆ. ಸೀರಮ್ ಬೇರ್ಪಡಿಸಿ ಉರಿಗೆ ಬಿಟ್ಟೆ. ನನ್ನ ಮೈಯಲ್ಲಿ ಲಿಥಿಯಂ ಇರುವುದಕ್ಕೆ ಕಾರಣವೇ ಇಲ್ಲ. ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ಪಾಯಿಂಟ್ ನಾಲ್ಕರಲ್ಲಿ ನಿಂತಿತು.

ಉತ್ತರ ಕಷ್ಟದ್ದಾಗಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ರಕ್ತದಲ್ಲಿ ಸೋಡಿಯಂ ಲಿಥಿಯಮ್ಮಿಗಿಂತ ನೂರು ಪಾಲಿಗೂ ಹೆಚ್ಚು. ಅದರ ಹಳದಿ ಬೆಳಕು ಒಂದಿಷ್ಟು ಲಿಥಿಯಂ ಫಿಲ್ಟರಿನೊಳಗೂ ನುಸುಳುತ್ತಿತ್ತು. ನನ್ನ ಸ್ಟ್ಯಾಂಡರ್ಡುಗಳಲ್ಲಿ ಬರಿಯ ನೀರು ಮತ್ತು ಲಿಥಿಯಂ, ಸೋಡಿಯಂ ಇಲ್ಲವೇ ಇಲ್ಲ. ಹಾಗಾಗಿ ನೋಡಿದ ಪ್ರತಿ ರಕ್ತಕ್ಕೂ ಇಲ್ಲದ ಪಾಯಿಂಟ್ ನಾಲ್ಕು ಸೇರಿಕೊಂಡಿತ್ತು. ಬೇಗೂರಿನವಳ ನಿಜವಾದ ಮಟ್ಟ ಒಂದು ಇತ್ತು, ಇರಬೇಕಾದಷ್ಟೇ. ನನ್ನ ಚೀಟಿ ನೋಡಿ ಮಾತ್ರೆ ಇಳಿಸಿದಾಗ ಅದು ಅರ್ಧಕ್ಕೆ ಬಿದ್ದಿತ್ತು.

ಸೋಡಿಯಂ ಮತ್ತು ಪೊಟ್ಯಾಸಿಯಂಗಳನ್ನು ರಕ್ತದಲ್ಲಿರುವಷ್ಟೇ ಸೇರಿಸಿ ಎಲ್ಲ ದ್ರಾವಣಗಳನ್ನೂ ಹೊಸದಾಗಿ ಮಾಡಿದೆ. ಸೊನ್ನೆಗೆ ನಿಲ್ಲಿಸುವ ನೀರಿಗೂ ಅವನ್ನು ಬೆರೆಸಿದೆ. ಈಗ ನನ್ನ ರಕ್ತ ಸೊನ್ನೆ ತೋರಿಸಿತು. ಮಾದರಿಗಳನ್ನು ಹಳೆಯ ಲ್ಯಾಬಿಗೂ ಕಳಿಸಿದೆ. ಎರಡೂ ಕಡೆಯ ಅಂಕಿ ಹೊಂದಿಕೊಂಡಿತು. ಮಾಲೀಕರಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ. ಅವರು ಉಳಿದ ರೋಗಿಗಳನ್ನೆಲ್ಲ ಕರೆಸಿ ಮತ್ತೆ ರಕ್ತ ತೆಗೆಸಿದರು. ಅದೃಷ್ಟಕ್ಕೆ ಬೇರೆ ಯಾರ ಮಾತ್ರೆಯನ್ನೂ ಇಳಿಸಿರಲಿಲ್ಲ. ಬೇಗೂರಿನವಳಿಗೆ ನಾಲ್ಕು ಮಾತ್ರೆ ಮತ್ತೆ ಶುರುವಾಯಿತು. ಆದರೆ ಅವಳಿಗಾಗಲಿ ಅತ್ತೆಗಾಗಲಿ ನಾನು ಏನೂ ಹೇಳಲಿಲ್ಲ. ಹೇಳುವುದು ಡಾಕ್ಟರ ಕೆಲಸ ಎಂದುಕೊಂಡೆ. ಅವರು ಬಹುಶಃ ನನ್ನ ಮರ್ಯಾದೆ ಉಳಿಸಲೆಂದು ಸುಮ್ಮನಿದ್ದರು.

ಎರಡು ತಿಂಗಳಲ್ಲಿ ಆಕೆ ಮೊದಲಿನಂತಾದಳು. ಫ್ಯಾಕ್ಟರಿಯವರು ಮತ್ತೆ ಕೆಲಸಕ್ಕೆ ಕರೆದುಕೊಂಡರು. ಗುರುತು ಹಾಕುವುದರಲ್ಲಿ ಅವಳಷ್ಟು ಬಟ್ಟೆ ಉಳಿಸುವವರು ಇನ್ನೊಬ್ಬರಿರಲಿಲ್ಲವಂತೆ. ಬೇಸಿಗೆ ಬಂತು.

ಒಂದು ಶನಿವಾರ ಬೆಳಿಗ್ಗೆ ಅವರಿಬ್ಬರೂ ಬಂದರು. ಆಕೆಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟುವಾಗ ಬೆರಳುಗಳು ನಡುಗುತ್ತಿದ್ದುದನ್ನು ಕಂಡೆ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಸಣ್ಣ ನಡುಕ ಸಾಮಾನ್ಯ. ಇದು ಸಣ್ಣದಾಗಿರಲಿಲ್ಲ.

"ಬೆಳಗಿನ ಮಾತ್ರೆ ನುಂಗಿದೀರಾ?"

"ಇಲ್ಲ ಅಕ್ಕ. ನಿನ್ನೆ ರಾತ್ರಿ ಒಂಬತ್ತಕ್ಕೆ ತಗೊಂಡಿದ್ದು." ಮಾತು ಸ್ವಲ್ಪ ತೊದಲಿತು. "ನಾಕ್ ದಿನದಿಂದ ಭೇದಿ. ಸುಸ್ತು."

"ಬಿಸಿಲು ಕಣವ್ವ," ಎಂದರು ಅತ್ತೆ. "ಮನೆಗೋಗಿ ಮಲಗಿದ್ರೆ ಸರೋಯ್ತದೆ." ಡಾಕ್ಟರ ಕ್ಲಿನಿಕ್ ಅಂದು ಮುಚ್ಚಿತ್ತು. ರಿಪೋರ್ಟನ್ನು ಸೋಮವಾರ ತೆಗೆದುಕೊಂಡು ಡಾಕ್ಟರಿಗೆ ತೋರಿಸುವುದೆಂದು ಹೇಳಿ ಹೊರಟರು.

ಆ ದಿನದ ಮಾದರಿಗಳನ್ನು ಉರಿಗೆ ಹಾಕಿದ್ದು ಹನ್ನೊಂದರ ಹೊತ್ತಿಗೆ. ಅವಳದು ಎರಡು ಪಾಯಿಂಟ್ ಒಂದು ಬಂತು. ಸ್ಟ್ಯಾಂಡರ್ಡ್ ಹಾಕಿ ನೋಡಿದೆ, ಸರಿಯಾಗಿತ್ತು. ನನ್ನ ರಕ್ತವನ್ನೇ ಮತ್ತೆ ತೆಗೆಸಿ ಪಕ್ಕದಲ್ಲಿಟ್ಟು ನೋಡಿದೆ, ಸೊನ್ನೆ. ಅವಳ ಸೀರಮ್ಮನ್ನು ಬೇರೆ ಪಿಪೆಟ್ಟಿನಿಂದ ಹೊಸದಾಗಿ ತೆಳುವಾಗಿಸಿ ಇನ್ನೂ ಮೂರು ಸಲ ನೋಡಿದೆ. ಎರಡು ಪಾಯಿಂಟ್ ಒಂದು, ಎರಡು, ಎರಡು ಪಾಯಿಂಟ್ ಒಂದು.

ಡಾಕ್ಟರ ಮನೆಗೆ ಫೋನ್ ಮಾಡಿದೆ. ಮಲ್ಲೇಶ್ವರದಲ್ಲಿ ನೆಂಟರ ಮದುವೆಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಎಂದರು. ವಿಷಯ ಹೇಳಿ ಇಟ್ಟೆ. ಬೇಗೂರಿನವರ ಮನೆಯಲ್ಲಿ ಫೋನ್ ಇರಲಿಲ್ಲ.

ಮಾಲೀಕರಿಗೆ ಚೀಟಿ ತೋರಿಸಿದೆ. "ನೋಡಮ್ಮ, ಈ ಹುಡುಗಿ ವಿಷಯದಲ್ಲಿ ಒಂದ್ಸಲ ಜಾಸ್ತಿ ತೋರಿಸಿ ಕೆಟ್ಟಿದೀವಿ. ಮತ್ತೆ ಜಾಸ್ತಿ ಅಂತ ಗಲಾಟೆ ಎಬ್ಬಿಸಿ, ಮತ್ತೆ ಅದು ತಪ್ಪು ಅಂತಾದ್ರೆ? ಸೋಮವಾರ ಇನ್ನೊಂದ್ಸಲ ರಕ್ತ ತೆಗೆದು ನೋಡೋಣ. ಆಮೇಲೆ ಹೇಳೋಣ."

ಅವರ ಮಾತಿನಲ್ಲಿ ನ್ಯಾಯವಿತ್ತು. ನನಗೂ ಒಳಗೊಳಗೆ ಸೋಮವಾರವೇ ಬೇಕಾಗಿತ್ತು. ಮೊದಲ ಸಲ ಯಂತ್ರವನ್ನು ನಂಬಿ ಕೆಟ್ಟಿದ್ದೆ. ಈಗ ನಂಬದೆ ಇರುವುದು ಜಾಣತನದಂತೆ ಕಾಣುತ್ತಿತ್ತು. ಆದರೆ ಆ ಬೆರಳುಗಳ ನಡುಕವನ್ನು ಯಂತ್ರ ಹೇಳಿರಲಿಲ್ಲ, ನಾನೇ ಕಂಡಿದ್ದೆ. ಸೋಮವಾರದೊಳಗೆ ಆಕೆ ಇನ್ನೂ ಎಂಟು ಮಾತ್ರೆ ನುಂಗುತ್ತಾಳೆ ಎಂಬುದು ತಲೆಯಿಂದ ಹೋಗಲಿಲ್ಲ.

"ತಪ್ಪಾದ್ರೆ ನನ್ನ ತಲೆ ಮೇಲೆ ಹಾಕಿ ಸಾರ್. ನಾನು ಬೇಗೂರಿಗೆ ಹೋಗಿಬರ್ತೀನಿ," ಎಂದೆ. ಅವರು ಚೀಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಕೋಟು ಬಿಚ್ಚಿಟ್ಟು ರಿಜಿಸ್ಟರಿನಿಂದ ವಿಳಾಸ ಬರೆದುಕೊಂಡೆ.

ಬೊಮ್ಮನಹಳ್ಳಿಗೆ ಎರಡು ಬಸ್ಸು ಬದಲಿಸಿದೆ. ಬೇಗೂರಿನ ಬಸ್ಸು ಆಗತಾನೇ ಹೋಗಿತ್ತು. ಕೊನೆಗೆ ಒಬ್ಬ ಆಟೋದವನನ್ನು ಒಪ್ಪಿಸಿ, ನಾಗೇಶ್ವರ ದೇವಸ್ಥಾನದ ಹತ್ತಿರ ಇಳಿದು ಕೇಳುತ್ತಾ ಹೋದೆ. ಮನೆ ಮುಟ್ಟಿದಾಗ ಎರಡು ಗಂಟೆ.

ಆಕೆ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚಿದಳು. ಅಡುಗೆಮನೆಯಲ್ಲಿ ಅತ್ತೆ ತಟ್ಟೆಯಲ್ಲಿ ಗಂಜಿ ಆರಿಸುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಎದ್ದರು.

"ಇದಕ್ಕೆ ಉಪ್ಪು ಹಾಕಿದೀರಾ?" ಎಂದು ಕೇಳಿದೆ. ಉಪ್ಪು ಕಮ್ಮಿ ಮಾಡಿದರೆ ಲಿಥಿಯಂ ಮೈಯಲ್ಲೇ ಉಳಿದುಬಿಡುತ್ತದೆ ಎಂದು ಡಾಕ್ಟರು ಒಮ್ಮೆ ಹೇಳಿದ್ದು ನೆನಪಿತ್ತು.

"ಇಲ್ಲ ಕಣವ್ವ, ಎರಡು ವಾರದಿಂದ ಉಪ್ಪೇ ಇಲ್ಲ. ಕಾಲು ಊದ್ಕೊಂಡಿತ್ತು. ಇಲ್ಲೇ ಊರಿನ ಡಾಕ್ಟ್ರಿಗೆ ತೋರ್ಸಿದ್ವಿ. ಉಪ್ಪು ಬಿಡಿ ಅಂದ್ರು, ನೀರಿಳಿಯೋ ಮಾತ್ರೆ ಕೊಟ್ರು."

"ಲಿಥಿಯಂ ನುಂಗ್ತಾಳೆ ಅಂತ ಅವರಿಗೆ ಹೇಳಿದ್ರಾ?"

ಅವರು ತಲೆ ತಗ್ಗಿಸಿದರು. "ಹೆಂಗೇಳಾದು? ಅವರ ಕಾಂಪೌಂಡರು ನಮ್ಮ ಬೀದಿಯೋನೇ."

ಊರಿನ ಡಾಕ್ಟರದು ತಪ್ಪಿರಲಿಲ್ಲ. ಊದಿಕೆಗೆ ಯಾರಾದರೂ ಕೊಡುವ ಔಷಧಿಯನ್ನೇ ಕೊಟ್ಟಿದ್ದರು. ಉಪ್ಪಿಲ್ಲದ ಊಟ, ಉಪ್ಪನ್ನೂ ನೀರನ್ನೂ ಹೊರಗೆ ಹಾಕುವ ಮಾತ್ರೆ, ಮೇಲೆ ಬೇಸಿಗೆ. ಲಿಥಿಯಂ ದಿನದಿನವೂ ಒಳಗೆ ಕೂಡಿಕೊಳ್ಳುತ್ತಾ ಬಂದಿತ್ತು. ಈಗ ನನಗೆ ಅನುಮಾನ ಉಳಿಯಲಿಲ್ಲ.

"ಅಮ್ಮ, ಇನ್ನು ಆ ಮಾತ್ರೆಗಳು ಬೇಡ. ಎರಡೂ ಬೇಡ. ಈಗಲೇ ಜಯನಗರಕ್ಕೆ ಕರ್ಕೊಂಡು ಹೋಗೋಣ. ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಿಬಿಟ್ಟಿದೆ."

ಅವರ ಮುಖ ಬಿಗಿಯಿತು. "ನಿಲ್ಸೋದಾ? ಒಂದಿನಾನೂ ತಪ್ಪಿಸ್ಬ್ಯಾಡಿ ಅಂತ ಡಾಕ್ಟ್ರು ಹೇಳವ್ರೆ. ಹೋದ್ಸಲ ಕಮ್ಮಿ ಮಾಡಿದ್ಕೇ ಅಲ್ವಾ ಅವಳು ಹಂಗಾಗಿದ್ದು? ಆವಾಗ್ಲೂ ನಿಮ್ಮ ಚೀಟೀಲೇ ಜಾಸ್ತಿ ಐತೆ ಅಂತ ಬಂದಿತ್ತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಹೌದಮ್ಮ. ಆವಾಗ ಬಂದಿದ್ದು ತಪ್ಪು. ಮಾಡಿದ್ದು ನಾನು, ಡಾಕ್ಟ್ರಲ್ಲ. ಇಲ್ಲದಿದ್ದದ್ದನ್ನ ಇದೆ ಅಂತ ಬರೆದೆ, ಅವರು ಅದನ್ನ ನಂಬಿ ಮಾತ್ರೆ ಇಳಿಸಿದ್ರು. ಇವಳ ಕೆಲಸ ಹೋಗಿದ್ದು, ನೀವು ನಿದ್ದೆಗೆಟ್ಟಿದ್ದು ಎಲ್ಲಾ ನನ್ನಿಂದ. ಆಗಲೇ ಹೇಳ್ಬೇಕಿತ್ತು. ಧೈರ್ಯ ಸಾಲಲಿಲ್ಲ. ಇವತ್ತು ನನ್ನ ರಕ್ತ ಪಕ್ಕದಲ್ಲಿಟ್ಟು ನಾಲ್ಕು ಸಲ ನೋಡಿದೀನಿ. ಇವತ್ತಿಂದು ತಪ್ಪಲ್ಲ."

ಬೈಯುತ್ತಾರೆಂದುಕೊಂಡೆ. ಅವರು ಗಂಜಿಯ ತಟ್ಟೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, "ಸುಳ್ಳು ಹೇಳೋರು ಇಷ್ಟು ದೂರ ಬಿಸಿಲಲ್ಲಿ ಬರಾಕಿಲ್ಲ," ಎಂದರು. ಆಮೇಲೆ ಹೊರಗೆ ಹೋಗಿ ಟೆಂಪೋ ಇಟ್ಟಿದ್ದ ಪಕ್ಕದ ಮನೆಯವನನ್ನು ಕೂಗಿದರು. "ಏನಾಯ್ತು?" ಎಂದು ಅವನು ಕೇಳಿದಾಗ ಬೀದಿಗೆಲ್ಲ ಕೇಳುವಂತೆ ಹೇಳಿದರು: "ನನ್ ಸೊಸೆ ತಲೆ ಕಾಯಿಲೆಗೆ ಔಷದಿ ತಗೊಳ್ತವ್ಳೆ, ಅದು ಜಾಸ್ತಿ ಆಗೈತೆ. ಬೇಗ ಗಾಡಿ ತೆಗಿ!"

ಜಯನಗರದ ನರ್ಸಿಂಗ್ ಹೋಮಿಗೆ ಸೇರಿಸಿ, ಅಲ್ಲಿಯ ಡಾಕ್ಟರಿಗೆ ಅಂಕಿ ತೋರಿಸಿದೆ. ಸಲೈನ್ ಹಾಕಿದರು. ನಮ್ಮ ಡಾಕ್ಟರು ಮದುವೆಯ ಪಂಚೆ ಶಲ್ಯದಲ್ಲೇ ಓಡಿಬಂದರು. ಅವಳ ಕೈಕಾಲು ಪರೀಕ್ಷಿಸಿ, ಹೊರಗೆ ಬಂದು, "ಸೋಮವಾರದವರೆಗೆ ಬಿಟ್ಟಿದ್ರೆ ಫಿಟ್ಸ್ ಬರ್ತಿತ್ತು, ಕಿಡ್ನಿ ಹೋಗ್ತಿತ್ತು," ಎಂದರು. "ನಾಳೆ ಬೆಳಿಗ್ಗೆ ಮಟ್ಟ ಬೇಕು. ದಿನಾ ಬೇಕು."

ಭಾನುವಾರ ಲ್ಯಾಬಿಗೆ ರಜೆ. ಬೀಗದ ಕೈ ತರಲು ಮಾಲೀಕರ ಮನೆಗೆ ಹೊರಟು, ರಕ್ತದ ಬಾಟಲಿ ಹಿಡಿದು ಲ್ಯಾಬಿನ ಮುಂದೆ ಹಾಯುವಾಗ ನೋಡಿದರೆ, ಬಾಗಿಲು ತೆರೆದಿತ್ತು. ಮಾಲೀಕರು ಉರಿಗೆ ಗಾಳಿ ಕೊಡುವ ಕಂಪ್ರೆಸರ್ ಹಚ್ಚಿ, ಉರಿಯ ನೀಲಿಯನ್ನು ಹದ ಮಾಡುತ್ತಾ ಬಗ್ಗಿ ನಿಂತಿದ್ದರು. "ನಿನ್ನ ರಕ್ತ ಬೇಡಮ್ಮ ಇವತ್ತು, ಎಷ್ಟು ಸಲ ಚುಚ್ಚಿಸ್ಕೊಳ್ತೀಯ. ನಂದು ತಗೋ," ಎಂದು ಅಂಗಿಯ ತೋಳು ಮಡಿಸಿದರು. ಅವರದು ಸೊನ್ನೆ. ಅವಳದು ಒಂದು ಪಾಯಿಂಟ್ ಏಳು. ಮರುದಿನ ಒಂದು ಪಾಯಿಂಟ್ ಎರಡು. ಮಂಗಳವಾರ ಪಾಯಿಂಟ್ ಎಂಟು. ಅಂದು ಆಕೆ ಎದ್ದು ಕುಳಿತು ಕಾಫಿ ಕೇಳಿದಳು, ಲೋಟವನ್ನು ತಾನೇ ಹಿಡಿದಳು.

ಒಂದು ಮಾತು ಆಕೆ ಡಾಕ್ಟರನ್ನು ಕೇಳಿದ್ದು ನೆನಪಿದೆ. "ಸಾರ್, ಜಾಸ್ತಿ ಆದ್ರೂ ಕಷ್ಟ, ಕಮ್ಮಿ ಆದ್ರೂ ಕಷ್ಟ. ಈ ಮಾತ್ರೆ ಬೇಕೇಬೇಕಾ?" ಡಾಕ್ಟರು ಬೇರೆ ಔಷಧಿಗಳನ್ನೂ ಹೇಳಿದರು, ಅವುಗಳ ತೊಂದರೆಗಳನ್ನೂ ಹೇಳಿದರು, ಯೋಚಿಸಿ ಹೇಳು ಎಂದರು. ಆಕೆ ಒಂದು ದಿನ ಯೋಚಿಸಿದಳು. "ಇದು ತಗೊಂಡಾಗ ನಾನು ನಾನಾಗಿದ್ದೆ. ಅದೇ ಇರಲಿ. ಆದ್ರೆ ಏನೇನು ಮಾಡಬಾರದು ಅಂತ ನನಗೇ ಹೇಳಿಕೊಡಿ, ಅತ್ತೆಗೆ ಮಾತ್ರ ಅಲ್ಲ," ಎಂದಳು.

ದಿನಕ್ಕೆ ಮೂರು ಮಾತ್ರೆಯಂತೆ ಲಿಥಿಯಂ ಮತ್ತೆ ಶುರುವಾಯಿತು. ನೀರಿಳಿಸುವ ಮಾತ್ರೆ ನಿಂತಿತು, ಊಟಕ್ಕೆ ಎಲ್ಲರಂತೆ ಉಪ್ಪು ಬಂತು. ಡಾಕ್ಟರೂ ನಾನೂ ಕುಳಿತು ಕನ್ನಡದಲ್ಲಿ ಒಂದು ಕಾರ್ಡು ಬರೆದೆವು: ನಾನು ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ, ಬೇರೆ ಔಷಧಿ ಕೊಡುವ ಮುನ್ನ ದಯವಿಟ್ಟು ಇದನ್ನು ನೋಡಿ, ವಾಂತಿ ಭೇದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಮುದ್ರಿಸಿ ಅವರ ಎಲ್ಲ ರೋಗಿಗಳಿಗೂ ಕೊಟ್ಟೆವು. ಬೇಗೂರಿನ ಬೀದಿಯಲ್ಲಿ ಕೆಲವು ದಿನ ಮಾತಾಡಿಕೊಂಡರಂತೆ, ಆಮೇಲೆ ಬಿಟ್ಟರಂತೆ. ಅವಳನ್ನು ಬಾಳಲು ಬಿಡದ ಜನ ಯಾರೂ ಬರಲಿಲ್ಲ.

ಅದಾಗಿ ವರ್ಷವಾಗಿರಬೇಕು. ಒಂದು ಬೆಳಿಗ್ಗೆ ಆಕೆ ಅತ್ತೆಯಿಲ್ಲದೆ ಬಂದಳು. ಜೊತೆಗೆ ಅವಳ ಫ್ಯಾಕ್ಟರಿಯಲ್ಲಿ ಗುಂಡಿ ಹಾಕುವ ಹೆಂಗಸೊಬ್ಬಳು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಯಾರಾದರೂ ನೋಡಿಯಾರೆಂದು ಬಾಗಿಲ ಕಡೆಗೇ ಕಣ್ಣಿಟ್ಟಿದ್ದಳು. ಕೈಯಲ್ಲಿ ಡಾಕ್ಟರ ಚೀಟಿ: ಸೀರಮ್ ಲಿಥಿಯಂ.

"ಹೆದರ್ಕೋಬೇಡ, ಕೂತ್ಕೋ," ಎಂದು ಆಕೆ ಅವಳನ್ನು ಕುರ್ಚಿಗೆ ಕೂರಿಸಿದಳು. "ಬೇರೆ ಕಡೆ ಲ್ಯಾಬು ಬೇಕಾದಷ್ಟಿದೆ. ಈ ಅಕ್ಕ ತಪ್ಪಾದ್ರೆ ತಪ್ಪಾಯ್ತು ಅಂತ ಮನೆಗೇ ಬಂದು ಹೇಳ್ತಾರೆ. ಅದಕ್ಕೇ ನಿನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು."

ಹೊಸಬಳು ನನ್ನ ಮುಖ ನೋಡಿದಳು. ನಂಬಬಹುದೇ ಎಂದು ಅಳೆಯುತ್ತಿದ್ದಳು. ನೋಡಲಿ ಎಂದು ಕೈಯಲ್ಲಿದ್ದ ರಬ್ಬರ್ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಸೆರಗು ಸರಿಸಿ, ಬಳೆಗಳನ್ನು ಮೇಲಕ್ಕೆಳೆದು, ತಾನಾಗಿಯೇ ತೋಳು ಚಾಚಿದಳು.